ಫ್ರೀಸ್‌ಲಾಂಡ್ ವರ್ಗದ ಡಚ್ ಡಿಸ್ಟ್ರಾಯರ್‌ಗಳು: ನಿವೃತ್ತ ನೌಕಾ ಎಂಜಿನಿಯರರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಎರಡನೆಯ ಮಹಾಯುದ್ಧದ ನಂತರ ನೆದರ್‌ಲ್ಯಾಂಡ್ಸ್ ಕಟ್ಟಿದ ಹಾಲೆಂಡ್ ಮತ್ತು ಫ್ರೀಸ್‌ಲಾಂಡ್ ವರ್ಗದ ಹಡಗುಗಳ ಚಿತ್ರಗಳನ್ನು ನೋಡಿದೆ. ಎರಡೂ ಒಂದೇ ಅಚ್ಚಿನಂತಿವೆ. ಹಾಗಿದ್ದರೆ ಎರಡು ವರ್ಗಗಳೇಕೆ? ಡಿಸ್ಟ್ರಾಯರ್ ಎಂದ ಮೇಲೆ ಟಾರ್ಪಿಡೊ (ನೀರೊಳಗೆ ಸಾಗಿ ಗುರಿಗೆ ಬಡಿಯುವ ಸ್ಫೋಟಕ) ಕೊಳವೆಗಳು ಏಕಿಲ್ಲ?

ಉತ್ತರ: ನಮಸ್ಕಾರ. ಮೂಲ ಯೋಜನೆಯಲ್ಲಿ ಇದ್ದದ್ದು ಒಂದೇ ಬಗೆಯ ಹನ್ನೆರಡು ಹಡಗುಗಳು. ಅವುಗಳಲ್ಲಿ ನಾಲ್ಕಕ್ಕೆ ಯುದ್ಧಪೂರ್ವದ ಕಾಲೆನ್‌ಬುರ್ಖ್ ವರ್ಗದ ವಿನ್ಯಾಸಕ್ಕೆ ಸೇರಿದ 45,000 ಅಶ್ವಶಕ್ತಿಯ ಯಂತ್ರಗಳನ್ನು ಅಳವಡಿಸಿದ್ದರಿಂದ ಅವು ಸ್ವಲ್ಪ ಚಿಕ್ಕದಾದ ಹಾಲೆಂಡ್ ವರ್ಗವಾದವು. ಉಳಿದ ಎಂಟು ಹಡಗುಗಳೇ ಫ್ರೀಸ್‌ಲಾಂಡ್ ವರ್ಗ; ಅವುಗಳಿಗೆ 60,000 ಅಶ್ವಶಕ್ತಿಯ ಯಂತ್ರ, 116 ಮೀಟರ್ ಉದ್ದದ ಒಡಲು, ಡೆಕ್ಕಿನ ಜೊತೆಗೆ ಪಕ್ಕಗಳಿಗೂ ಉಕ್ಕಿನ ಕವಚ ದೊರೆತವು. ಈ ಕವಚ ಆ ಕಾಲದ ಡಿಸ್ಟ್ರಾಯರ್‌ಗಳಲ್ಲಿ ಅಪರೂಪ. ಇನ್ನು ಟಾರ್ಪಿಡೊ ವಿಷಯ. ಶತ್ರುವಿನ ದೊಡ್ಡ ಹಡಗುಗಳ ಮೇಲೆ ನುಗ್ಗುವುದು ಇವುಗಳ ಕೆಲಸವಾಗಿರಲಿಲ್ಲ. ಸೋವಿಯತ್ ಜಲಾಂತರ್ಗಾಮಿಗಳನ್ನು ಬೇಟೆಯಾಡುವುದಕ್ಕೆಂದೇ ಇವನ್ನು ಕಟ್ಟಿಸಲಾಗಿತ್ತು. ಆದ್ದರಿಂದ ಮೂಲ ವಿನ್ಯಾಸದಲ್ಲಿ ಮುಂದೊಂದು ಹಿಂದೊಂದು ಜೋಡಿ ಗೋಪುರಗಳಲ್ಲಿ ನಾಲ್ಕು 120 ಮಿಲಿಮೀಟರ್ ಬೋಫೋರ್ಸ್ ತೋಪುಗಳನ್ನೂ, ತಲಾ ನಾಲ್ಕು ನಳಿಕೆಗಳ ಎರಡು 375 ಮಿಲಿಮೀಟರ್ ರಾಕೆಟ್ ಉಡಾವಕಗಳನ್ನೂ ಇಟ್ಟರು.

ಪ್ರಶ್ನೆ: ಜಲಾಂತರ್ಗಾಮಿ ಬೇಟೆಗೆ ಫ್ರೀಸ್‌ಲಾಂಡ್ ವರ್ಗಕ್ಕೆ 36 ನಾಟ್ (ಗಂಟೆಗೆ ಸುಮಾರು 67 ಕಿಲೋಮೀಟರ್) ವೇಗ ಏಕೆ ಬೇಕಿತ್ತು? ನೀರೊಳಗೆ ಅವು ಅಷ್ಟು ವೇಗವಾಗಿ ಓಡುತ್ತಿರಲಿಲ್ಲವಲ್ಲ?

ಉತ್ತರ: ನೀವು ಸರಿಯಾದ ಜಾಗಕ್ಕೇ ಕೈಯಿಟ್ಟಿದ್ದೀರಿ. ಪೂರ್ಣ ವೇಗದಲ್ಲಿ ಹೋಗುವ ಹಡಗಿನ ಸೋನಾರ್, ಅಂದರೆ ಸದ್ದಿನ ಮೂಲಕ ನೀರೊಳಗಿನ ಗುರಿಯನ್ನು ಪತ್ತೆಹಚ್ಚುವ ಉಪಕರಣ, ಹಡಗಿನದೇ ತಿರುಗಣಿಗಳ ಮತ್ತು ಒಡಲಿಗೆ ಬಡಿಯುವ ನೀರಿನ ಸದ್ದಿನಲ್ಲಿ ಕಿವುಡಾಗುತ್ತದೆ; ಆದ್ದರಿಂದ ಆಲಿಸುವಾಗ ವೇಗ ತಗ್ಗಿಸಲೇಬೇಕು. ಹೆಚ್ಚಿನ ವೇಗ ಬೇಕಾದದ್ದು ಸುಳಿವು ಸಿಕ್ಕ ಜಾಗಕ್ಕೆ ಧಾವಿಸಲು, ಬೇಟೆ ಮುಗಿದ ಮೇಲೆ ಮುಂದೆ ಸಾಗಿಹೋದ ವಿಮಾನವಾಹಕ ಕಾರೆಲ್ ದೋರ್‌ಮನ್ ಅನ್ನು ಮತ್ತೆ ಸೇರಿಕೊಳ್ಳಲು. ಆದರೆ ಅದರ ಬೆಲೆಯನ್ನೂ ನೋಡಿ. ಹಾಲೆಂಡ್ ವರ್ಗದ ವೇಗ 32 ನಾಟ್. ಮೂರನೆಯ ಒಂದು ಪಾಲು ಹೆಚ್ಚು ಶಕ್ತಿ ತುಂಬಿದರೂ ದಕ್ಕಿದ್ದು ನಾಲ್ಕೇ ನಾಟ್. ಬಾಯ್ಲರ್ ಕೋಣೆಯವರಿಗೆ ಈ ಲೆಕ್ಕವನ್ನು ಯಾರೂ ಕಲಿಸಿಕೊಡಬೇಕಿಲ್ಲ.

ರಾಕೆಟ್‌ಗಳ ಮಹತ್ವವೂ ಇಲ್ಲಿಯೇ ಇದೆ. ಹಳೆಯ ಡೆಪ್ತ್ ಚಾರ್ಜ್‌ಗಳನ್ನು (ನೀರಿನಾಳದಲ್ಲಿ ಸಿಡಿಯುವ ಬಾಂಬುಗಳನ್ನು) ಹಡಗಿನ ಹಿಂಬದಿಯಿಂದ ಉರುಳಿಸಬೇಕಾಗಿದ್ದರಿಂದ ಹಡಗು ಗುರಿಯ ಮೇಲೆಯೇ ಹಾದುಹೋಗಬೇಕಿತ್ತು, ಮತ್ತು ಆ ಕೊನೆಯ ಕೆಲವು ನೂರು ಮೀಟರ್‌ಗಳಲ್ಲಿ ಸೋನಾರ್‌ಗೆ ಗುರಿ ತಪ್ಪಿಹೋಗುತ್ತಿತ್ತು. ಚುರುಕಾದ ಜಲಾಂತರ್ಗಾಮಿಯ ನಾಯಕನಿಗೆ ತಿರುಗಿ ನುಣುಚಿಕೊಳ್ಳಲು ಅಷ್ಟು ಹೊತ್ತು ಸಾಕು. ರಾಕೆಟ್‌ಗಳಾದರೆ ದೂರದಿಂದಲೇ, ಗುರಿ ಇನ್ನೂ ಸೋನಾರ್ ಹಿಡಿತದಲ್ಲಿರುವಾಗಲೇ ಹಾರುತ್ತವೆ.

ಪ್ರಶ್ನೆ: ಇವು ಯುರೋಪಿನಾಚೆ ಹೋಗಿದ್ದವೇ?

ಉತ್ತರ: ಹೋಗಿದ್ದವು. 1960ರಲ್ಲಿ, ಆಗ ಡಚ್ಚರ ಹಿಡಿತದಲ್ಲಿದ್ದ ಪಶ್ಚಿಮ ನ್ಯೂಗಿನಿಯ ವಿಚಾರವಾಗಿ ಇಂಡೋನೇಷ್ಯಾದೊಂದಿಗೆ ಬಿಕ್ಕಟ್ಟು ಬಿಗಡಾಯಿಸಿದಾಗ ಖ್ರೋನಿಂಗನ್ ಮತ್ತು ಲಿಂಬರ್ಗ್ ಎಂಬ ಎರಡು ಹಡಗುಗಳು ಕಾರೆಲ್ ದೋರ್‌ಮನ್‌ನ ಬೆಂಗಾವಲಾಗಿ ಹೊರಟವು. ಸುಯೆಜ್ ದಾರಿಯನ್ನು ಬಿಟ್ಟು ಆಫ್ರಿಕಾ ಖಂಡವನ್ನೇ ಬಳಸಿಕೊಂಡು ಸಾಗಬೇಕಾದ ಕಾರಣ ಒಂದು ತೈಲ ಹಡಗೂ ಜೊತೆಗಿತ್ತು.

ಪ್ರಶ್ನೆ: ಕ್ಷಿಪಣಿ ಅಳವಡಿಸಿ ಇನ್ನಷ್ಟು ಕಾಲ ಉಳಿಸಿಕೊಳ್ಳಬಹುದಿತ್ತಲ್ಲವೇ?

ಉತ್ತರ: ನನ್ನ ಅಭಿಪ್ರಾಯದಲ್ಲಿ ಲಾಭದ ಮಾತಲ್ಲ. ಫ್ರೀಸ್‌ಲಾಂಡ್‌ನಂಥ ಒಂದು ಹಡಗನ್ನು ನಡೆಸಲು ಸುಮಾರು 280 ಜನ ಬೇಕಿತ್ತು. ಇವುಗಳ ಜಾಗಕ್ಕೆ ಬಂದ ಕೋರ್ಟೆನಾರ್ ವರ್ಗದ ಫ್ರಿಗೇಟುಗಳು ಗ್ಯಾಸ್ ಟರ್ಬೈನ್‌ನಿಂದ ಓಡುತ್ತಿದ್ದವು, ಹಾರ್ಪೂನ್ ಕ್ಷಿಪಣಿ ಹೊತ್ತಿದ್ದವು, ಮತ್ತು ಇನ್ನೂರಕ್ಕೂ ಕಡಿಮೆ ಜನರಿಂದ ನಡೆಯುತ್ತಿದ್ದವು. ಸಂಬಳ ಕೊಡುವ ಸರ್ಕಾರ ಯಾವುದನ್ನು ಆರಿಸಿಕೊಂಡೀತು? ಎಂಟರಲ್ಲಿ ಫ್ರೀಸ್‌ಲಾಂಡ್ ಎಂಬ ಹಡಗು ಗುಜರಿಗೆ ಹೋಯಿತು. ಉಳಿದ ಏಳೂ 1980ರ ದಶಕದ ಆರಂಭದಲ್ಲಿ ಪೆರು ದೇಶದ ನೌಕಾಪಡೆಯ ಪಾಲಾದವು. ಹಾಲೆಂಡ್ ವರ್ಗದ ಹಾಲೆಂಡ್ ಎಂಬ ಹಡಗು 1978ರಲ್ಲೇ ಅಲ್ಲಿಗೆ ಹೋಗಿತ್ತು.

ಪ್ರಶ್ನೆ: ನಮ್ಮ ನೌಕಾಪಡೆಗೂ ಇವುಗಳಿಗೂ ಏನಾದರೂ ನಂಟು ಇದೆಯೇ ಸರ್?

ಉತ್ತರ: ಹಡಗುಗಳ ಮೂಲಕ ಇಲ್ಲ, ರಡಾರ್ ಮೂಲಕ ಇದೆ. ಫ್ರೀಸ್‌ಲಾಂಡ್ ವರ್ಗದ ಮೇಲಿದ್ದ ಎಲ್‌ಡಬ್ಲ್ಯು-02 ದೂರಗಾಮಿ ರಡಾರನ್ನು ತಯಾರಿಸಿದ್ದು ಹೆಂಗೆಲೊ ಪಟ್ಟಣದ ಸಿಗ್ನಾಲ್ ಸಂಸ್ಥೆ. ಅದೇ ಸಂಸ್ಥೆಯ ಉಪಕರಣಗಳನ್ನು ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ನೀಲಗಿರಿ ವರ್ಗದ ನಂತರದ ಫ್ರಿಗೇಟುಗಳಿಗೆ ಅಳವಡಿಸಿದರು. ಅದೇ ಸಾಲಿನ ಎಲ್‌ಡಬ್ಲ್ಯು-08 ರಡಾರನ್ನು ನಮ್ಮ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಪರವಾನಗಿ ಪಡೆದು ತಯಾರಿಸಿತು.