ಪಾಪ, ಡಿಸ್ಕ್ ಏನು ಮಾಡಿತ್ತು!

ಕಂಪ್ಯೂಟರ್ ಕೈಕೊಟ್ಟರೆ ಯಾರನ್ನು ಬೈಯಬೇಕು ಅನ್ನೋದರಲ್ಲಿ ನಮ್ಮ ಬಳ್ಳಾರಿ ಗೆಳೆಯರಿಗೆ ಒಮ್ಮತವೇ ಇಲ್ಲ. ಮೇಷ್ಟ್ರಿಗೆ ಎಲ್ಲವೂ ವೈರಸ್. ಸಾಹುಕಾರನಿಗೆ ಎಲ್ಲವೂ ವಿಂಡೋಸ್. ರಾಯಲ್ ಸರ್ಕಲ್ ಹತ್ತಿರ ಮಿರ್ಚಿ ಕರಿಯುವ ಅಣ್ಣನಿಗೆ ಎಲ್ಲವೂ ಬಿಸಿಲು. ಮೂವರಲ್ಲಿ ನಿಜಕ್ಕೆ ಹತ್ತಿರ ಇರೋನು ಮಿರ್ಚಿ ಅಣ್ಣನೇ ಅಂತ ನನ್ನ ಅನಿಸಿಕೆ.

ಸಾಹುಕಾರ ಅನ್ನೋದು ಹೆಸರಿಗೆ ಮಾತ್ರ. ಕೌಲ್ ಬಜಾರ್ ಕಡೆ ಸಣ್ಣದೊಂದು ಜೀನ್ಸ್ ಯೂನಿಟ್ ಇಟ್ಟಿದ್ದಾನೆ, ಚಹಾದ ಬಾಕಿ ಯಾವಾಗಲೂ ಅವನದೇ. ಅವತ್ತು ಮಿರ್ಚಿ ಅಂಗಡಿಗೆ ಬಂದವನೇ ಬೆಂಚಿನ ಮೇಲೆ ಕುಸಿದ.

"ದುಡ್ಡು ಸುರಿದು, ಫೈಲ್ ಇಡೋಕೆ ಹೊಸ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿದೆ. ಆದರೂ ಎಂಬ್ರಾಯ್ಡರಿ ಡಿಸೈನ್ ಓಪನ್ ಆಗೋಷ್ಟರಲ್ಲಿ ಚಹಾ ಕುಡಿದು ಬರಬಹುದು. ನಡುನಡುವೆ ಕಂಪ್ಯೂಟರ್ ನಿಂತುಹೋಗಿ ನೀಲಿ ಪರದೆ ಬೇರೆ!"

"ಯೂನಿಟ್ ತುಂಬ ನೀಲಿ ಬಟ್ಟೆನೇ ಅಲ್ವಾ, ಪರದೆನೂ ಮ್ಯಾಚಿಂಗ್ ಆಯ್ತು ಬಿಡು," ಅಂದೆ. ಅವನು ನಗಲಿಲ್ಲ.

"ವೈರಸ್," ಅಂದರು ಮೇಷ್ಟ್ರು.

"ಮೇಷ್ಟ್ರೇ, ಅದಕ್ಕೆ ಇಂಟರ್ನೆಟ್ಟೇ ಹಾಕಿಸಿಲ್ಲ."

"ಪೆನ್‌ಡ್ರೈವ್ ಹಾಕ್ತೀಯೋ ಇಲ್ವೋ?"

ಹಾಕುತ್ತಾನೆ. ಮೇಷ್ಟ್ರು ಕೇಸು ಗೆದ್ದವರ ಹಾಗೆ ಮಿರ್ಚಿ ಕಚ್ಚಿದರು.

ನಮ್ಮಲ್ಲಿ ರಿಪೇರಿ ಕೆಲಸ ಗೊತ್ತಿರೋನು ಒಬ್ಬನೇ. ಜೇಬಲ್ಲಿ ಸದಾ ಸ್ಕ್ರೂಡ್ರೈವರ್ ಇರೋದರಿಂದ ಅವನ ಹೆಸರೇ ಸ್ಕ್ರೂ ಆಗಿಬಿಟ್ಟಿದೆ. ಅಲ್ಲಿಯವರೆಗೂ ಸುಮ್ಮನಿದ್ದವನು ಕೇಳಿದ: "ಡಿಸ್ಕ್ ಹೊಸದು ಸರಿ. ಅದನ್ನ ಬೋರ್ಡಿಗೆ ಜೋಡಿಸೋ ಕೇಬಲ್?"

"ಹಳೇದೇ. ವೈರಲ್ಲಿ ಹಳೇದೇನು, ಹೊಸದೇನು?"

ಸ್ಕ್ರೂ ಮಂಡಕ್ಕಿ ಪ್ಲೇಟು ಕೆಳಗಿಟ್ಟ. ಅವನು ಪ್ಲೇಟು ಇಟ್ಟನೆಂದರೆ ಪಾಠ ಶುರು.

"ಆ ವೈರಲ್ಲಿ ಸೆಕೆಂಡಿಗೆ 6 ಗಿಗಾಬಿಟ್ ಓಡಬೇಕು ಕಣಪ್ಪ. ಬಂದ ಡೇಟಾ ಸರಿಯಿದೆಯಾ ಅಂತ ಪ್ರತಿ ಸಲ ಲೆಕ್ಕ ಹಾಕಿ ನೋಡುತ್ತೆ. ತಪ್ಪಿದ್ರೆ ಮತ್ತೆ ಕಳಿಸು ಅನ್ನುತ್ತೆ. ಮತ್ತೂ ತಪ್ಪಿದ್ರೆ ಮತ್ತೂ ಕಳಿಸಬೇಕು. ಹೊರಗೆ ಕೂತ ನಿನಗೆ ಡಿಸ್ಕ್ ಸ್ಲೋ ಅನಿಸುತ್ತೆ. ಒಳಗೆ ಅದು ಪಾಪ ದುಡಿದು ಸುಸ್ತಾಗಿರುತ್ತೆ."

"ಅದಕ್ಕೆ ಸಾಕ್ಷಿ?" ಮೇಷ್ಟ್ರು ಗಣಿತದವರು. ಸುಲಭಕ್ಕೆ ಬಿಡೋರಲ್ಲ.

"ಡಿಸ್ಕೇ ಬರೆದಿಡುತ್ತೆ. ಸ್ಮಾರ್ಟ್ ರಿಪೋರ್ಟ್ ಅಂತ ಅದರ ಆರೋಗ್ಯದ ಪಟ್ಟಿ ಇರುತ್ತೆ, ತೆಗೆದು 199ನೇ ನಂಬರ್ ನೋಡಿ, ಸಿಆರ್‌ಸಿ ಎರರ್, ಅಂದ್ರೆ ದಾರಿಯಲ್ಲಿ ಡೇಟಾ ಕೆಟ್ಟ ಲೆಕ್ಕ. ಸಾಟಾ, ಅಂದ್ರೆ ಈಗ ಹೇಳಿದ ಕೇಬಲ್ಲಿನ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಅದೇ ನಂಬರ್. ಅದು ಏರ್ತಾ ಇದ್ರೆ ಮೊದಲು ಕೇಬಲ್ ಬದಲಿಸಬೇಕು. ಬದಲಿಸಿದ ಮೇಲೆ ಹಳೇ ಎಣಿಕೆ ಇಳಿಯಲ್ಲ, ಏರೋದು ನಿಲ್ಲುತ್ತೆ ಅಷ್ಟೇ. ಇಳಿಯಲಿಲ್ಲ ಅಂತ ಇನ್ನೊಂದು ಡಿಸ್ಕ್ ಕೊಂಡ ಪುಣ್ಯಾತ್ಮರೂ ಇದ್ದಾರೆ."

ಆಮೇಲೆ ಅವನು ಸೈಬರ್ ಕೆಫೆ ಕಾಲಕ್ಕೆ ಹೋಗಿಬಿಟ್ಟ. ಆಗ ಐಡಿಇ ಅಂತ ಪಟ್ಟಿ ಹಾಗೆ ಅಗಲವಾದ ಕೇಬಲ್ ಇತ್ತು. ಅದರಲ್ಲಿ 40 ಎಳೆಯದು ಒಂದು, 80 ಎಳೆಯದು ಇನ್ನೊಂದು. ಎರಡಕ್ಕೂ ಪಿನ್ ನಲವತ್ತೇ, ಎರಡೂ ಸಲೀಸಾಗಿ ಕೂರುತ್ತವೆ. ಆದರೆ ಜೋರಾಗಿ ಓಡೋ ಡಿಸ್ಕ್‌ಗೆ 80 ಎಳೆಯದೇ ಬೇಕು. ಕೇಬಲ್ ಸರಿಯಿಲ್ಲದೆ ಎರರ್ ಮೇಲೆ ಎರರ್ ಬಂದರೆ ವಿಂಡೋಸ್ ಎಕ್ಸ್‌ಪಿ ಡಿಸ್ಕಿನ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾ ಕೊನೆಗೆ ಪಿಐಒ ಅನ್ನೋ ಅತಿ ನಿಧಾನದ ಮೋಡ್‌ಗೆ ತಂದು ಕೂರಿಸುತ್ತಿತ್ತು. ಅಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 16.6 ಎಂಬಿ. ಆಮೇಲೆ ಒಳ್ಳೆ ಕೇಬಲ್ ಹಾಕಿದರೂ ತಾನಾಗಿ ಮೇಲೆ ಹತ್ತುತ್ತಿರಲಿಲ್ಲ. ಡ್ರೈವರ್ ತೆಗೆದು ಮತ್ತೆ ಹಾಕಬೇಕಿತ್ತು.

"ನೋಡಿದ್ರಾ, ವಿಂಡೋಸ್!" ಸಾಹುಕಾರ ಎದ್ದೇ ಬಿಟ್ಟ.

"ಕೂತ್ಕೋ. ನಿನ್ನದು ಎಕ್ಸ್‌ಪಿ ಅಲ್ಲ."

ಮರುದಿನ ಯೂನಿಟ್ಟಿಗೇ ಹೋದೆವು. ಸ್ಕ್ರೂ ಡಬ್ಬಿಯ ಪಕ್ಕದ ತಗಡು ಬಿಚ್ಚಿದ. ಫ್ಯಾನಿನ ರೆಕ್ಕೆಗಳ ಮೇಲೆ ಡೆನಿಮ್ ನೂಲಿನ ಧೂಳು ಬೆರಳು ದಪ್ಪ ಕೂತಿತ್ತು, ಪೂರ್ತಿ ನೀಲಿ. ಕೆಳಗೊಂದು ಪದರ ಕೆಂಪು ಮಣ್ಣು, ಅದು ಊರಿನ ಕಾಣಿಕೆ. ಸಾಟಾ ಕೇಬಲ್ ತಗಡಿಗೂ ಡಿಸ್ಕಿಗೂ ನಡುವೆ ಸಿಕ್ಕಿ ಚೂಪಾಗಿ ಮಡಚಿತ್ತು. ಬೆರಳಿಂದ ಮುಟ್ಟಿದರೆ ತುದಿ ಅಲ್ಲಾಡುತ್ತಿತ್ತು. ಕ್ಲಿಪ್ಪು ಎಂದೋ ಮುರಿದಿತ್ತು. 199ರ ಮುಂದಿನ ಸಂಖ್ಯೆ ನೋಡಿ ಮೇಷ್ಟ್ರು, "ಇದು ಪಿನ್‌ಕೋಡಾ?" ಅಂದರು.

ಕ್ಲಿಪ್ಪಿರುವ ಹೊಸ ಕೇಬಲ್ ಹಾಕಿದ. ಡಿಸೈನ್ ಪಟ್ ಅಂತ ತೆರೆಯಿತು. ಸಾಹುಕಾರ ಎಲ್ಲರಿಗೂ ಚಹಾ ಹೇಳಿದ. ಚಹಾ ಬರುವ ಮೊದಲೇ ನೀಲಿ ಪರದೆ ಬಂತು.

"ಅದು ಬೇರೆ ಕಾಯಿಲೆ," ಅಂದ ಸ್ಕ್ರೂ, ಒಂಚೂರೂ ಬೇಜಾರಿಲ್ಲದೆ. "ರ‍್ಯಾಮ್ ಅನ್ನೋ ಮೆಮೊರಿ ಪಟ್ಟಿ ಯಾರು ಹಾಕಿದ್ದು?"

ಅಕ್ಕನ ಮಗ ಹಾಕಿದ್ದಂತೆ. ಮೊದಲಿದ್ದದ್ದು 8 ಜಿಬಿ, ಡಿಡಿಆರ್4 ಪೀಳಿಗೆಯದು, 2400ರ ವೇಗದ್ದು. ಅದರ ಪಕ್ಕಕ್ಕೆ ಬೇರೆ ಕಂಪನಿಯ 3200ರದ್ದು ತಂದು ಕೂರಿಸಿದ್ದಾನೆ. ಬೋರ್ಡಿನ ಪಾಡಿಗೆ ಬಿಟ್ಟಿದ್ದರೆ ಎರಡನ್ನೂ 2400ಕ್ಕೇ ಓಡಿಸುತ್ತಿತ್ತು. ಹುಡುಗ ವಿಡಿಯೋ ನೋಡಿ, ಬೋರ್ಡಿನ ಸೆಟ್ಟಿಂಗ್ ಇರೋ ಬಯಾಸ್ ಒಳಗೆ ಹೋಗಿ 3200 ಅಂತ ಬರೆದು ಬಂದಿದ್ದಾನೆ. ಮಾವನಿಗೆ ಸ್ಪೀಡ್ ಜಾಸ್ತಿಯಾಗಲಿ ಅಂತ.

ರಾತ್ರಿ ಯೂನಿಟ್ ಮುಚ್ಚುವಾಗ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಹಚ್ಚಿ ಬಂದೆವು. ಒಂದೊಂದನ್ನೇ ಅದರದರ ವೇಗದಲ್ಲಿ ಬಿಟ್ಟರೆ ಎರಡೂ ಪಾಸು. ಎರಡನ್ನೂ ಜೊತೆಗೆ 3200ಕ್ಕೆ ಬಿಟ್ಟರೆ ಪರದೆ ತುಂಬ ತಪ್ಪಿನ ಕೆಂಪು ಸಾಲು. 2400ಕ್ಕೆ ಇಳಿಸಿದರೆ ಸಾಲು ಕಡಿಮೆಯಾಯಿತು, ನಿಲ್ಲಲಿಲ್ಲ.

"ಅಂದರೆ ಕೆಟ್ಟಿದ್ದು ಯಾವುದು?" ಮತ್ತೆ ಮಿರ್ಚಿ ಬೆಂಚಿಗೆ ಬಂದು ಕೂತಾಗಲೂ ಸಾಹುಕಾರನಿಗೆ ಒಬ್ಬ ಕಳ್ಳ ಬೇಕೇ ಬೇಕಾಗಿತ್ತು.

"ಯಾವುದೂ ಕೆಟ್ಟಿಲ್ಲ. ಇಬ್ಬರೂ ಒಳ್ಳೆಯವರೇ, ಬೀಗತನ ಕೂಡಿಬರಲಿಲ್ಲ."

"ಮತ್ತೆ ಯಾವಾಗಲೂ ಯಾಕೆ ಬರಲ್ಲ? ಒಂದು ದಿನ ಸಂಜೆವರೆಗೂ ಸುಮ್ಮನಿರುತ್ತೆ. ಒಂದು ದಿನ ಬೆಳಿಗ್ಗೆನೇ ಶುರು."

ಇದಕ್ಕೆ ಸ್ಕ್ರೂ ಹೇಳಿದ ಉತ್ತರ ನನಗೆ ಬಹಳ ಹಿಡಿಸಿತು. ತಪ್ಪಾದ ಬಿಟ್ ಎಲ್ಲಿ ಬೀಳುತ್ತದೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಖಾಲಿ ಜಾಗದಲ್ಲಿ ಬಿದ್ದರೆ ಯಾರಿಗೂ ಗೊತ್ತಾಗಲ್ಲ. ವಿಂಡೋಸಿನ ಕೋಡ್ ಮೇಲೆ ಬಿದ್ದರೆ ನೀಲಿ ಪರದೆ. ಡಿಸೈನ್ ಮೇಲೆ ಬಿದ್ದು ಹಾಗೇ ಸೇವ್ ಆದರೆ ಅದೇ ದೊಡ್ಡ ಅಪಾಯ, ಫೈಲೇ ಕೆಡುತ್ತದೆ. ಇನ್ನು ಏಪ್ರಿಲ್, ಮೇನಲ್ಲಿ ನಮ್ಮೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿ ಏರಿದಷ್ಟೂ ಅಂಚಿನಲ್ಲಿ ಓಡುತ್ತಿರೋ ರ‍್ಯಾಮ್ ತಪ್ಪುವುದು ಜಾಸ್ತಿ. ಈ ಮಾತು ಕೇಳಿ ಮಿರ್ಚಿ ಅಣ್ಣ ಬಾಣಲೆ ಬಿಟ್ಟು ನಮ್ಮ ಕಡೆ ತಿರುಗಿದ. "ನಾನು ಮೊದಲೇ ಹೇಳಿದ್ನಲ್ರೀ!"

ಕೊನೆಗೆ ಒಂದೇ ಪ್ಯಾಕಿನಲ್ಲಿ ಬರುವ ಜೋಡಿ ರ‍್ಯಾಮ್ ತರಿಸಿ ಹಾಕಿದ್ದಾಯಿತು. ನೀಲಿ ಪರದೆ ಮತ್ತೆ ಬರಲಿಲ್ಲ.

"ಈಗಿನದ್ದೆಲ್ಲ ಹೀಗೇ," ಅಂದರು ಮೇಷ್ಟ್ರು. "ನನ್ನ ಕಂಪ್ಯೂಟರ್ 2011ರದ್ದು. ಒಂದು ದಿನ ತಕರಾರಿಲ್ಲ."

"ಬೋರ್ಡಿನಲ್ಲಿ ಡಿಸ್ಕ್ ಪೋರ್ಟ್ ನೋಡಿಕೊಳ್ಳೋ ಚಿಪ್‌ಸೆಟ್ ಇಂಟೆಲ್ ಆರನೇ ಸೀರೀಸಿನದಾ? ಯಾವ ತಿಂಗಳು ತಗೊಂಡಿದ್ದು?"

"ದೀಪಾವಳಿ. ಯಾಕೆ?"

"ಬಚಾವಾದ್ರಿ. ಆ ವರ್ಷ ಜನವರಿ 31ಕ್ಕೆ ಇಂಟೆಲ್ಲೇ ಹೇಳಿತ್ತು, ಈ ಚಿಪ್‌ಸೆಟ್ಟಿನ 3 ಗಿಗಾಬಿಟ್ ಸಾಟಾ ಪೋರ್ಟ್‌ಗಳು ದಿನ ಕಳೆದಂತೆ ಸೊರಗಬಹುದು ಅಂತ. 6 ಗಿಗಾಬಿಟ್‌ನ ಎರಡು ಪೋರ್ಟಿಗೆ ತೊಂದರೆ ಇರಲಿಲ್ಲ. ವಾಪಸ್ ತಗೊಂಡು ಬದಲಿಸೋಕೆ ಸುಮಾರು 70 ಕೋಟಿ ಡಾಲರ್ ಖರ್ಚಾಗಬಹುದು ಅಂತ ಅವರದೇ ಅಂದಾಜು. ನೀವು ಕೊಳ್ಳೋ ಹೊತ್ತಿಗೆ ಸರಿ ಮಾಡಿದ ಚಿಪ್ ಬಂದಿತ್ತು."

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸಾಹುಕಾರನ ಕೈಯಲ್ಲಿದ್ದ ಹಳೇ ರ‍್ಯಾಮ್ ಕಡೆ ಕಣ್ಣು ಹೋಯಿತು.

"ಅದು ನಿನಗೆ ಹೇಗೂ ಬೇಡ ಅಲ್ವಾ? ನನ್ನದಕ್ಕೆ ಹಾಕಿಕೊಡಪ್ಪ ಸ್ಕ್ರೂ."

"ನಿಮ್ಮದು ಡಿಡಿಆರ್3 ಮೇಷ್ಟ್ರೇ, 240 ಪಿನ್. ಇದಕ್ಕೆ 288. ನಡುವಿನ ಕಚ್ಚೂ ಬೇರೆ ಕಡೆ ಇದೆ. ಕೂರಲ್ಲ."

"ಸ್ವಲ್ಪ ಒತ್ತಿದರೆ?"