ಹೀರೋ ಹೋಂಡಾ ಹೆಸರು ಬಿಟ್ಟಿದ್ದು ತಪ್ಪಾ?

ಮಲೆನಾಡಿಗ:
ನಮ್ಮೂರಲ್ಲಿ ಇವತ್ತಿಗೂ ಸ್ಪ್ಲೆಂಡರ್ ಬೈಕ್ ಕಂಡರೆ ‘ಹೀರೋ ಹೋಂಡಾ’ ಅಂತಲೇ ಕರೆಯುತ್ತಾರೆ. ಕಂಪನಿ ಹೀರೋ ಮೋಟೊಕಾರ್ಪ್ ಆಗಿದ್ದು 2011ರಲ್ಲಿ. ಇಷ್ಟು ವರ್ಷವಾದರೂ ಹೊಸ ಹೆಸರು ಯಾರ ಬಾಯಿಗೂ ಹತ್ತಿಲ್ಲ. 1984ರಿಂದ ಕಟ್ಟಿಕೊಂಡು ಬಂದ ಹೆಸರು ಅದು. ಬಿಡಬಾರದಿತ್ತು.

ಗ್ಯಾರೇಜ್ ಗೆಳೆಯ:
ಉಳಿಸಿಕೊಳ್ಳೋಕೆ ದಾರಿ ಎಲ್ಲಿತ್ತು? ಅದು ಹೀರೋ ಮತ್ತು ಜಪಾನಿನ ಹೋಂಡಾ ಸೇರಿ ನಡೆಸುತ್ತಿದ್ದ ಕಂಪನಿ. 2010ರ ಡಿಸೆಂಬರಿನಲ್ಲಿ ಇಬ್ಬರೂ ಬೇರೆಯಾಗಲು ಒಪ್ಪಿಕೊಂಡರು. ಹೋಂಡಾ ತನ್ನ ಶೇ. 26 ಪಾಲನ್ನು ಹೀರೋದ ಒಡೆಯರಾದ ಮುಂಜಾಲ್ ಕುಟುಂಬಕ್ಕೆ ಬಿಟ್ಟುಕೊಟ್ಟಿತು. ಮನೆ ಪಾಲಾದ ಮೇಲೆ ಅಣ್ಣನ ಹೆಸರಿನ ಬೋರ್ಡ್ ತಮ್ಮನ ಅಂಗಡಿಗೆ ಹಾಕೋಕಾಗಲ್ಲ ಅಲ್ವಾ? ಅದೂ ಅಣ್ಣ ಅದೇ ಬೀದಿಯಲ್ಲಿ ಬೇರೆ ಅಂಗಡಿ ಇಟ್ಟಿರುವಾಗ. ಹೋಂಡಾದ ಸ್ವಂತ ಕಂಪನಿ ಇಲ್ಲಿ 1999ರಿಂದಲೇ ಇದೆ. 2013ರಲ್ಲಿ ನಮ್ಮ ಕೋಲಾರದ ನರಸಾಪುರದಲ್ಲೂ ಕಾರ್ಖಾನೆ ತೆರೆಯಿತು.

ತುಮಕೂರಿನವಳು:
ಜನರಿಗಿದ್ದ ಭಯ ಹೆಸರಿನದ್ದಲ್ಲ, ಹೋಂಡಾ ತಂತ್ರಜ್ಞಾನದ ಇಂಜಿನ್‌ದು. 2012ರಲ್ಲಿ ಅಪ್ಪ ಗಾಡಿ ತಗೊಳ್ಳುವಾಗ ‘ಇಂಜಿನ್ ಹಳೇದೇನಾ?’ ಅಂತ ಮೂರು ಸಲ ಕೇಳಿದರು. ಮೈಲೇಜ್ ಮೊದಲಿನಷ್ಟೇ ಬಂತು. ಆಮೇಲೆ ಅವರು ಟ್ಯಾಂಕ್ ಮೇಲೆ ಏನು ಬರೆದಿದೆ ಅಂತ ನೋಡಲೇ ಇಲ್ಲ.

ಮಲೆನಾಡಿಗ:
ಸರಿ, ಆದರೆ ಎಲ್ಲರಿಗೂ ಹಾಗೆ ಆಗಲ್ಲ. ಮೊಬೈಲ್ ಕಂಪನಿ ಹಚ್ 2007ರಲ್ಲಿ ವೊಡಾಫೋನ್ ಆಯಿತು. ಐಡಿಯಾ ಜೊತೆ ಸೇರಿ 2020ರಲ್ಲಿ ‘ವಿ’ ಆಯಿತು. ಎಷ್ಟು ಗ್ರಾಹಕರು ಬಿಟ್ಟು ಹೋದರು ನೋಡಿ.

ಗ್ಯಾರೇಜ್ ಗೆಳೆಯ:
ಅದನ್ನು ಹೆಸರಿನ ತಲೆಗೆ ಕಟ್ಟಬೇಡಿ. 2016ರಲ್ಲಿ ಜಿಯೋ ಬಂದು ದರ ಇಳಿಸಿತು. ಸರ್ಕಾರಕ್ಕೆ ಕಟ್ಟಬೇಕಾದ ಬಾಕಿ ಕುತ್ತಿಗೆಗೆ ಬಂತು. ನೆಟ್‌ವರ್ಕ್‌ಗೆ ಹಾಕೋಕೆ ದುಡ್ಡು ಸಾಲಲಿಲ್ಲ. ಸಿಗ್ನಲ್ ಸಿಗದಿದ್ದರೆ ಯಾವ ಹೆಸರಿಟ್ಟರೇನು?

ತುಮಕೂರಿನವಳು:
ಇನ್ನೊಂದು ವ್ಯತ್ಯಾಸವಿದೆ. ಸಿಮ್‌ಗೆ ಕಂಪನಿ ಹೆಸರು ಬಿಟ್ಟರೆ ಬೇರೆ ಹೆಸರಿಲ್ಲ. ಅದು ಹೋದರೆ ಎಲ್ಲವೂ ಹೊಸದು. ಹೀರೋದವರು ಸ್ಪ್ಲೆಂಡರ್, ಪ್ಯಾಶನ್ ಅನ್ನುವ ಹೆಸರು ಮುಟ್ಟಲಿಲ್ಲ. ಅದೇ ಅವರನ್ನು ಕಾಪಾಡಿದ್ದು ಅಂತ ನನ್ನ ನಂಬಿಕೆ.

ಮಲೆನಾಡಿಗ:
ಈ ಮಾತು ಒಪ್ಪಿದೆ. ಆದರೂ ‘ಮೋಟೊಕಾರ್ಪ್’ ಬೇಕಿತ್ತಾ? ಸುಮ್ನೆ ‘ಹೀರೋ’ ಅಂತ ಇಟ್ಟಿದ್ದರೆ ಸಾಕಾಗಿತ್ತು.

ಬಿಡಿಭಾಗದ ಅಂಗಡಿ:
ನಾನು ದಿನಾ ನೋಡೋದು ಹೇಳ್ತೀನಿ. ‘ಹೀರೋ ಹೋಂಡಾಗೆ ಚೈನ್ ಕೊಡಿ’ ಅಂತ ಈಗಲೂ ಕೇಳುತ್ತಾರೆ. ‘ಮೋಟೊಕಾರ್ಪ್’ ಅಂದವರು ಒಬ್ಬರೂ ಇಲ್ಲ. ಆದರೆ ಅಷ್ಟರಿಂದ ನನಗೆ ಚೈನ್ ಕೊಡೋಕಾಗಲ್ಲ. ‘ಸ್ಪ್ಲೆಂಡರ್‌ಗಾ, ಪ್ಯಾಶನ್‌ಗಾ?’ ಅಂತ ಕೇಳಿಯೇ ಕೊಡುತ್ತೇನೆ.