ಜೀವಾಮೃತ ಕೊಟ್ಟರೂ ಟೊಮೆಟೊ ಹಳದಿ, ಯಾಕೆ?

ಪ್ರಶ್ನೆ (ಪಾಂಡವಪುರ ಕಡೆಯ ರೈತರು): ಸಾರ್, ನಾಲೆ ಬಯಲಲ್ಲಿ 20 ಗುಂಟೆ ಟೊಮೆಟೊ ಇದೆ. ಈ ಸಲ ಯೂರಿಯಾ ಪೂರ್ತಿ ಬಿಟ್ಟು ಜೀವಾಮೃತ (ಸಗಣಿ, ಗಂಜಲ ಕಲಸಿದ ದ್ರಾವಣ) ಮಾತ್ರ ಕೊಟ್ಟೆ. ನಾಟಿ ಆಗಿ ತಿಂಗಳಾಯಿತು. ಕೆಳಗಿನ ಎಲೆ ಹಳದಿ, ಗಿಡ ಮೇಲೇಳುತ್ತಲೇ ಇಲ್ಲ. ಮತ್ತೆ ಯೂರಿಯಾಕ್ಕೇ ಹೋಗಬೇಕಾ?

ಉತ್ತರ (ಮಣ್ಣು ತಜ್ಞರು): ಹಳೆ ಎಲೆ ಮೊದಲು ಹಳದಿಯಾದರೆ ಸಾಮಾನ್ಯವಾಗಿ ಸಾರಜನಕ ಕಡಿಮೆ ಎಂದರ್ಥ. ಬುಡದಲ್ಲಿ ನೀರು ನಿಂತರೂ ಹೀಗೇ ಆಗುತ್ತದೆ. ನಿಮ್ಮದು ನಾಲೆ ಜಮೀನು, ಮೊದಲು ಅದನ್ನು ನೋಡಿ.

ಇನ್ನು ಲೆಕ್ಕಕ್ಕೆ ಬನ್ನಿ. 200 ಲೀಟರ್ ಜೀವಾಮೃತಕ್ಕೆ 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಕಾಳಿನ ಹಿಟ್ಟು ಹಾಕುತ್ತೀರಿ. ಎಲ್ಲ ಸೇರಿ ಸಾರಜನಕ ಸುಮಾರು ಕಾಲು ಕೆಜಿ. 45 ಕೆಜಿ ಯೂರಿಯಾ ಚೀಲದಲ್ಲಿ 20 ಕೆಜಿಗೂ ಜಾಸ್ತಿ. ಜೀವಾಮೃತ ಹೆಪ್ಪು ಇದ್ದ ಹಾಗೆ. ಹಾಲೇ ಇಲ್ಲದೆ ಹೆಪ್ಪು ಹಾಕಿದರೆ ಮೊಸರು ಎಲ್ಲಿಂದ ಬರಬೇಕು? ಹಾಲು ಅಂದರೆ ಇಲ್ಲಿ ಕೊಟ್ಟಿಗೆ ಗೊಬ್ಬರ, ಹಸಿರೆಲೆ, ಹಿಂಡಿ.

ಈಗ ನಿಂತಿರುವ ಬೆಳೆಗೆ 100 ಕೆಜಿ ಹೊಂಗೆ ಹಿಂಡಿ ಪುಡಿ ಮಾಡಿ, ಬುಡದಿಂದ ನಾಲ್ಕು ಬೆರಳು ದೂರ ಹಾಕಿ ಮಣ್ಣು ಏರಿಸಿ. ಅದರಲ್ಲಿ ಸಾರಜನಕ ಸುಮಾರು 4 ಕೆಜಿ ಇರುತ್ತದೆ, ಆದರೆ ಗಿಡಕ್ಕೆ ಸಿಗಲು ಎರಡು ಮೂರು ವಾರ ಹಿಡಿಯುತ್ತದೆ. ಅಲ್ಲಿವರೆಗೆ ಲೀಟರಿಗೆ 10 ಗ್ರಾಂ ಯೂರಿಯಾ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಇದರಿಂದ ವ್ರತ ಕೆಡುವುದಿಲ್ಲ! ರಾಸಾಯನಿಕವನ್ನು ಒಂದೇ ಸಲ ನಿಲ್ಲಿಸುವುದಕ್ಕಿಂತ ಮೊದಲ ಬೆಳೆಗೆ ಅರ್ಧ ಇಳಿಸುವುದು ಒಳ್ಳೆಯದು.

ಮುಂದಿನ ಬೆಳೆಗೆ ಮೊದಲು ಹಸಿರೆಲೆ ಗೊಬ್ಬರದ ಗಿಡಗಳಾದ ಸೆಣಬು ಇಲ್ಲವೇ ಡಯಾಂಚ ಬಿತ್ತಿ. 45 ದಿನದ ಹೊತ್ತಿಗೆ, ಹೂ ಬರುವಾಗಲೇ ಮಣ್ಣಿಗೆ ಸೇರಿಸಿ. ಎರಡು ವಾರ ಕೊಳೆಯಲು ಬಿಟ್ಟು ನಾಟಿ ಮಾಡಿ. ಜೊತೆಗೆ 5 ಟನ್ ಕೊಟ್ಟಿಗೆ ಗೊಬ್ಬರ ಬೇಕು. ಕಳಿತದ್ದೇ ಆಗಬೇಕು. ಹಸಿ ಸಗಣಿ ಸುರಿದರೆ ಗೊಣ್ಣೆ ಹುಳು, ಕಳೆ ಎರಡನ್ನೂ ಕರೆದ ಹಾಗೆ. ಕೈಗೆ ತೆಗೆದುಕೊಂಡರೆ ಪುಡಿಯಾಗಬೇಕು, ಬಿಸಿ ಇರಬಾರದು, ಸಗಣಿ ವಾಸನೆ ಬರಬಾರದು.

ಪ್ರಶ್ನೆ (ಮದ್ದೂರು): ನಮಗೆ ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ (ಕಬ್ಬಿನ ಹಾಲು ಸೋಸಿದಾಗ ಉಳಿಯುವ ಮಡ್ಡಿ) ಸಿಗುತ್ತದೆ. ನೇರ ಹಾಕಬಹುದಾ? ಒಲೆ ಬೂದಿನೂ ಇದೆ.

ಉತ್ತರ: ನೇರ ಬೇಡ. ಹೊಸ ಪ್ರೆಸ್‌ಮಡ್ ಕೊಳೆಯುವಾಗ ಬಿಸಿಯಾಗುತ್ತದೆ, ಸಸಿ ಸುಡುತ್ತದೆ. ಸಗಣಿ ಗೊಬ್ಬರದ ಜೊತೆ ಪದರ ಪದರವಾಗಿ ಹಾಕಿ, ತೇವ ಕಾಯ್ದು, ಆಗಾಗ ಮಗುಚಿ. ಎರಡು ಮೂರು ತಿಂಗಳಲ್ಲಿ ಒಳ್ಳೆ ಗೊಬ್ಬರ ಆಗುತ್ತದೆ. ರಂಜಕ, ಕ್ಯಾಲ್ಸಿಯಂ ಎರಡೂ ಸಿಗುತ್ತವೆ. ಕಬ್ಬಿನ ತರಗನ್ನು ಸುಡಬೇಡಿ, ಸಾಲಿನ ನಡುವೆ ಹೊದಿಸಿ. ಅದನ್ನು ಮಣ್ಣಿಗೆ ಬೆರೆಸಿ ತಕ್ಷಣ ನಾಟಿ ಮಾಡಿದರೆ ಮಾತ್ರ ಕಷ್ಟ, ಕೊಳೆಯುವ ತರಗು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ.

ಸೌದೆ ಬೂದಿಯಲ್ಲಿ ಪೊಟ್ಯಾಷ್ ಇದೆ. ಆದರೆ ಸಗಣಿ, ಗಂಜಲದ ಜೊತೆ ಬೆರೆಸಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಚೌಳು (ಕ್ಷಾರ) ಮಣ್ಣಿಗಂತೂ ಬೂದಿ ಬೇಡವೇ ಬೇಡ.

ಪ್ರಶ್ನೆ (ಮೈಸೂರು, ಕುವೆಂಪುನಗರ): ತಾರಸಿ ಮೇಲೆ ಕುಂಡದಲ್ಲಿ ಬದನೆ, ಮೆಣಸಿನಕಾಯಿ ಇವೆ. ಅಡುಗೆಮನೆ ಸಿಪ್ಪೆ ಕುಂಡಕ್ಕೇ ಹಾಕಿದರೆ ಸಾಕಲ್ವಾ?

ಉತ್ತರ: ನೊಣ ಬರುತ್ತದೆ, ಬೇರಿಗೂ ಬಿಸಿ. ಬೇರೆ ಡಬ್ಬಿಯಲ್ಲಿ ಒಂದು ಪಾಲು ಸಿಪ್ಪೆಗೆ ಎರಡು ಪಾಲು ಒಣ ಎಲೆ ಹಾಕಿ ಕೊಳೆಸಿ. ಗಿಡಕ್ಕೆ 15 ದಿನಕ್ಕೊಮ್ಮೆ ಎರಡು ಹಿಡಿ ಸಾಕು.

ಪ್ರಶ್ನೆ (ಪಾಂಡವಪುರ): ನೀರು ನಿಲ್ಲುತ್ತಿತ್ತು ಸಾರ್, ಕಾಲುವೆ ಹೊಡೆಸುತ್ತೇನೆ. ಮಣ್ಣು ಪರೀಕ್ಷೆ ಎಲ್ಲಿ?

ಉತ್ತರ: ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಅಲ್ಲಿ ವಿಚಾರಿಸಿ. ಎಂಟು ಹತ್ತು ಕಡೆ ಅರ್ಧ ಅಡಿ ಆಳದ ಮಣ್ಣು ತೆಗೆದು, ಬೆರೆಸಿ, ಅರ್ಧ ಕೆಜಿ ನೆರಳಲ್ಲಿ ಒಣಗಿಸಿ ಒಯ್ಯಿರಿ. ಬದು, ಮರದ ಬುಡ, ತಿಪ್ಪೆ ಹಾಕಿದ್ದ ಜಾಗದ ಮಣ್ಣು ಬೇಡ.